ಮರಳಿಸಿದ ಮಾಲು, ಮುಚ್ಚಿದ ಖಾತೆ

ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ನೀವೆಲ್ಲ ಕಂಡಿದ್ದೀರಿ. ಅವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ದಲಾಲನ ಕೈಯನ್ನು ವಸ್ತ್ರದ ಮರೆಯಲ್ಲಿ ಹಿಡಿದು, ಬೆರಳು ಎಣಿಸಿ ಬೆಲೆ ಗೊತ್ತುಮಾಡುತ್ತಾನೆ. ಇಷ್ಟೆಲ್ಲ ನೋಡಿ ತಂದ ಎತ್ತನ್ನು ಎರಡು ದಿನ ಗಳೆ ಹೊಡೆದು, ಮೂರನೆಯ ದಿನ “ಇದು ನನಗೆ ಬ್ಯಾಡ” ಎಂದು ಮರಳಿಸುವವನು ಯಾರೂ ಇಲ್ಲ. ಹಾಗೆ ಮಾಡಿದವನ ಹೆಸರು ಸಂತೆಯಲ್ಲೆಲ್ಲ ಹಬ್ಬುತ್ತದೆ. ಮುಂದಿನ ವರ್ಷ ಯಾವ ದಲಾಲನೂ ಅವನ ಕೈಗೆ ಹಗ್ಗ ಕೊಡುವುದಿಲ್ಲ.

ಈಗ ನಮ್ಮ ವಸ್ತಿಗಳಿಗೆ ಇನ್ನೊಂದು ಸಂತೆ ಬಂದಿದೆ. ಅದಕ್ಕೆ ವಾರವಿಲ್ಲ, ಬಯಲಿಲ್ಲ. ಅದು ಕಿಸೆಯಲ್ಲಿರುವ ಮೊಬೈಲಿನಲ್ಲಿಯೇ ಇದೆ. ಔಷಧಿ ಹೊಡೆಯುವ ಪಂಪು, ತಾಡಪತ್ರಿ, ದಾಳಿಂಬೆಯ ಟೊಂಗೆ ಕತ್ತರಿಸುವ ಕತ್ತರಿ, ಹೆಂಗಸರ ಸೀರೆ, ಮಕ್ಕಳ ಚಪ್ಪಲಿ, ಎಲ್ಲವೂ ಅಲ್ಲಿಂದ ಮನೆಯ ಬಾಗಿಲಿಗೆ ಬರುತ್ತವೆ. ಈ ಸಂತೆಯ ಒಂದು ಸೊಗಸೆಂದರೆ, ಮಾಲು ಮನಸ್ಸಿಗೆ ಬಾರದಿದ್ದರೆ ತಿರುಗಿ ಕಳಿಸಬಹುದು. ಕೊಟ್ಟ ರೊಕ್ಕವೂ ತಿರುಗಿ ಬರುತ್ತದೆ. ಆದರೆ ಈ ಸಂತೆಗೂ ಒಂದು ನೆನಪಿದೆ. ಯಾರು ಎಷ್ಟು ಸಲ ಮಾಲು ಮರಳಿಸಿದರು, ಎಷ್ಟು ಸಲ ರೊಕ್ಕ ಕೇಳಿದರು ಎಂಬುದನ್ನು ಅದು ಮರೆಯದೆ ಬರೆದಿಟ್ಟುಕೊಳ್ಳುತ್ತದೆ. ಲೆಕ್ಕ ಮಿತಿ ಮೀರಿತೆಂದು ಅದಕ್ಕೆ ಅನಿಸಿದ ದಿನ, ಕೊಳ್ಳುವವನ ಖಾತೆಯನ್ನೇ ಮುಚ್ಚಿಬಿಡುತ್ತದೆ. ಈ ಮಾತನ್ನು ತಿಳಿಯದೆ ನಮ್ಮವರೊಬ್ಬರು ಪಟ್ಟ ತೊಂದರೆಯನ್ನು ಈ ವಾರ ವಾಚಕರ ಮುಂದೆ ಇಡುತ್ತೇವೆ.

ಒಂದು ವಸ್ತಿಯ ಸಂಗತಿ

ಉಮದಿಯ ಕಡೆಯ ಒಂದು ವಸ್ತಿ. ಹನ್ನೆರಡು ಮನೆ. ದಾಳಿಂಬೆ, ಸಜ್ಜೆ, ಮಾಲದಂಡಿ ಜೋಳ, ನಾಲ್ಕು ಕುರಿ, ಇಷ್ಟು ಅವರ ಬಾಳು. ಅಲ್ಲಿ ಕಾಲೇಜು ಕಲಿತು ಬಂದು ತೋಟಕ್ಕೆ ನಿಂತ ಹುಡುಗನೊಬ್ಬನಿದ್ದಾನೆ. ಮೊಬೈಲಿನಲ್ಲಿ ಮಾಲು ತರಿಸುವ ಕೆಲಸ ಅವನಿಗೆ ಚೆನ್ನಾಗಿ ಗೊತ್ತು. ಆದಕಾರಣ ವಸ್ತಿಯವರೆಲ್ಲ ಅವನಿಂದಲೇ ತರಿಸತೊಡಗಿದರು. ಖಾತೆ ಅವನದು, ಮಾಲು ಊರಿನದು.

ಮೊದಲು ಒಬ್ಬರ ಚಪ್ಪಲಿ ಸಣ್ಣದಾಯಿತು, ತಿರುಗಿ ಹೋಯಿತು. ಇನ್ನೊಬ್ಬರ ಸೀರೆಯ ಬಣ್ಣ ಚಿತ್ರದಲ್ಲಿ ಒಂದು, ಕೈಯಲ್ಲಿ ಒಂದು, ಅದೂ ಹೋಯಿತು. ಇಷ್ಟರ ಮಟ್ಟಿಗೆ ತಪ್ಪೇನೂ ಇಲ್ಲ. ಆಮೇಲೆ ಒಬ್ಬರು ತಾಡಪತ್ರಿ ತರಿಸಿ, ಅದರ ಮೇಲೆ ಜೋಳದ ರಾಶಿ ಮಾಡಿ, ಧೂಳು ಝಾಡಿಸಿ, “ಅಳತಿ ಕಡಿಮಿ ಐತಿ” ಎಂದು ಬರೆಯಿಸಿ ಮರಳಿಸಿದರು. ಮತ್ತೊಬ್ಬರು ಮದುವೆಗೆಂದು ಅಂಗಿ ತರಿಸಿ, ಮದುವೆ ಮುಗಿದ ಮೇಲೆ ತಿರುಗಿ ಕಳಿಸಿದರು. ಹುಡುಗನಿಗೆ ಸಂಕೋಚವಾಯಿತು, ಆದರೆ ಹಿರಿಯರಿಗೆ ಇಲ್ಲವೆನ್ನುವುದು ಹೇಗೆ?

ಮಳೆಗಾಲದಲ್ಲಿ ದಾಳಿಂಬೆಗೆ ತೇಲ್ಯಾ ರೋಗದ ಭಯ ಬಂತು. ಹುಡುಗ ತನ್ನ ತೋಟಕ್ಕಾಗಿ 3,400 ರೂಪಾಯಿಯ ಬ್ಯಾಟರಿ ಪಂಪು ತರಿಸಿದನು. ಪೆಟ್ಟಿಗೆ ಬಂತು, ತೆರೆದು ನೋಡಿದರೆ ಪಂಪಿನ ತೊಟ್ಟಿಯ ತಳವೇ ಸೀಳಿತ್ತು. ರೊಕ್ಕ ತಿರುಗಿ ಕೊಡಿರೆಂದು ಬರೆದನು. ಎರಡು ದಿನಕ್ಕೆ ಉತ್ತರ ಬಂತು: ನಿಮ್ಮ ಖಾತೆಯನ್ನು ಮುಚ್ಚಲಾಗಿದೆ.

ನಾವು ಆ ದಾರಿಯಲ್ಲಿ ಹೋದಾಗ ಅವನು ಕಟ್ಟೆಯ ಮೇಲೆ ಕುಳಿತಿದ್ದನು.

“ಯಾಕೋ ತಮ್ಮಾ, ಪಂಪ ಬಂತಲ್ಲ, ಮತ್ತ್ಯಾಕ ಮಾರಿ ಸಣ್ಣದ ಮಾಡೀದಿ?” ಎಂದು ಕೇಳಿದೆವು.

“ಪಂಪ ಒಡದದ್ದು ಬಂದೈತ್ರಿ ಕಾಕಾ. ರೊಕ್ಕ ಕೇಳಿದ್ರ ನನ್ನ ಖಾತೀನ ಮುಚ್ಚ್ಯಾರ. ಖಾತ್ಯಾಗ ಜಮಾ ಇದ್ದ ಆರನೂರು ರೂಪಾಯಿನೂ ಒಳಗ ಉಳೀತ್ರಿ.”

“ಇದಕ್ಕಿಂತ ಮೊದಲ ಎಷ್ಟ ಸಲ ಮಾಲ ತಿರುಗಿ ಕಳಿಸೀದಿ?”

ಅವನು ಮೊಬೈಲಿಗೆ ಬಂದ ಹಳೆಯ ಸಂದೇಶಗಳನ್ನು ತೆಗೆದು ಎಣಿಸಿದನು. ಒಂದು ವರ್ಷದಲ್ಲಿ ತರಿಸಿದ್ದು 31 ಮಾಲು, ಮರಳಿಸಿದ್ದು 14.

“ಅದ್ರಾಗ ನಂದು ಎರಡ ಅದಾವ್ರಿ ಕಾಕಾ. ಉಳದದ್ದೆಲ್ಲಾ ವಸ್ತಿ ಮಂದೀದು. ಖರೇನ ಒಡದದ್ದು ಬಂದಾಗ ನನ್ನ ಮಾತ ಯಾರೂ ಕೇಳವಲ್ರು.”

ತೋಳ ಬಂತು ತೋಳ ಎಂದು ಸುಳ್ಳು ಕೂಗಿದ ಕುರಿಗಾಹಿ ಹುಡುಗನ ಕಥೆಯನ್ನು ಮಾಡಗ್ಯಾಳದ ಕುರಿ ಸಾಕುವ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ವಿಶೇಷವೆಂದರೆ, ಕೂಗಿದವರು ಊರವರು. ತೋಳ ಹೊಕ್ಕದ್ದು ಹುಡುಗನ ಹಿಂಡಿಗೆ.

ಯಂತ್ರ ಎಣಿಸುವ ಬಗೆ

ಅಂಗಡಿಕಾರನಾದರೆ ಮುಖ ನೋಡುತ್ತಾನೆ. ಇವನು ಇಂಥವರ ಮಗ, ಸುಳ್ಳಾಡುವವನಲ್ಲ ಎಂದು ತಿಳಿಯುತ್ತಾನೆ. ಆನ್‌ಲೈನ್ ಪೇಟೆಯಲ್ಲಿ ಮೊದಲು ಎಣಿಸುವುದು ಯಂತ್ರ. ಎಷ್ಟು ಕೊಂಡರು, ಎಷ್ಟು ಮರಳಿಸಿದರು, ಏನು ಕಾರಣ ಕೊಟ್ಟರು, ಖಾಲಿ ಪೆಟ್ಟಿಗೆ ಬಂತೆಂದು ಎಷ್ಟು ಸಲ ಹೇಳಿದರು ಎಂಬುದನ್ನು ಅದು ಕೂಡಿಸುತ್ತದೆ. ಫೋನ್ ನಂಬರು, ಮನೆಯ ವಿಳಾಸ, ರೊಕ್ಕ ಕೊಟ್ಟ ಬ್ಯಾಂಕು ಇವುಗಳನ್ನೂ ಒಂದಕ್ಕೊಂದು ಹೊಂದಿಸಿ ನೋಡುತ್ತದೆ. ಆದುದರಿಂದ ಒಂದು ಖಾತೆ ಮುಚ್ಚಿದ ಮೇಲೆ ಅದೇ ಮನೆಯಿಂದ ಬೇರೆ ಹೆಸರಿನ ಖಾತೆ ತೆರೆದರೂ ಗುರುತು ಸಿಗುವುದುಂಟು. ನಮ್ಮ ವಸ್ತಿಗಳಲ್ಲಿ ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. “ಶಾಲೆಯ ಹತ್ತಿರ” ಎಂಬ ಒಂದೇ ವಿಳಾಸ ಹತ್ತು ಮನೆಗೆ. ಒಬ್ಬನ ತಪ್ಪಿನ ನೆರಳು ಇನ್ನೊಬ್ಬನ ಮೇಲೆ ಬೀಳುವುದಕ್ಕೆ ಇಷ್ಟು ಸಾಕು.

ಇದು ನಮ್ಮಲ್ಲಿ ಮಾತ್ರ ಆದುದಲ್ಲ. 2016ರಲ್ಲಿ ಇಂಗ್ಲೆಂಡಿನ ಒಬ್ಬ ಕಂಪ್ಯೂಟರ್ ಕೆಲಸಗಾರನ ಸಂಗತಿಯನ್ನು ಅಲ್ಲಿಯ ಗಾರ್ಡಿಯನ್ ಪತ್ರಿಕೆ ಬರೆಯಿತು. ಅವನು ಅಮೆಜಾನಿನಿಂದ 343 ಸಾಮಾನು ಕೊಂಡು 37ನ್ನು ಮರಳಿಸಿದ್ದನು. ಖಾತೆ ಮುಚ್ಚಿತು. ಖಾತೆಯಲ್ಲಿ ಉಳಿದಿದ್ದ ಉಡುಗೊರೆ ಕಾರ್ಡಿನ ಹಣವನ್ನು ಬಳಸುವುದಕ್ಕೂ ಅವನಿಗೆ ಆಗಲಿಲ್ಲ. ನೂರಕ್ಕೆ ಹನ್ನೊಂದರಷ್ಟು ಮರಳಿಸಿದವನ ಗತಿ ಇದು. ನಮ್ಮ ಹುಡುಗನ ಲೆಕ್ಕ ನೂರಕ್ಕೆ ನಲವತ್ತೈದು. 2018ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯೂ ಹೀಗೆ ಖಾತೆ ಕಳೆದುಕೊಂಡವರ ಸಂಗತಿಯನ್ನು ಪ್ರಕಟಿಸಿತು. ಇಷ್ಟು ಸಲ ಮರಳಿಸಿದರೆ ಖಾತೆ ಹೋಗುತ್ತದೆ ಎಂಬ ಗಡಿಯನ್ನು ಕಂಪನಿಯವರು ಹೇಳುವುದಿಲ್ಲ. ಕಾಣದ ಬಾಂದುಗಲ್ಲಿನ ಹೊಲದಲ್ಲಿ ಗಳೆ ಹೊಡೆದಂತೆ ಇದು.

ಕಂಪನಿ ಯಾಕೆ ಹೆದರಿತು?

ಎರಡೂ ಕಡೆಯ ಮಾತು ಕೇಳುವುದು ಪಂಚರ ಧರ್ಮ. 2017ರಲ್ಲಿ ದಿಲ್ಲಿಯ ಪೊಲೀಸರು 21 ವರ್ಷದ ಒಬ್ಬ ಯುವಕನನ್ನು ಹಿಡಿದರು. ಅವನು ಒಂದಾದ ಮೇಲೊಂದು 166 ಬೆಲೆಬಾಳುವ ಮೊಬೈಲು ತರಿಸಿ, ಪ್ರತಿ ಸಲವೂ “ಪೆಟ್ಟಿಗೆ ಖಾಲಿ ಬಂತು” ಎಂದು ಹೇಳಿ ಹಣ ತಿರುಗಿ ಪಡೆದಿದ್ದನೆಂದು ಅವನ ಮೇಲಿನ ಆರೋಪ. ಮೊತ್ತ 50 ಲಕ್ಷ ರೂಪಾಯಿಯ ಹತ್ತಿರ. ಇಂಥವರು ಮಾಡಿದ ಮೋಸಕ್ಕೆ ಬೇಲಿ ಹಾಕಿದಾಗ, ದಾರಿಹೋಕರ ಪಂಚೆಯೂ ಆ ಬೇಲಿಗೆ ಸಿಕ್ಕಿಕೊಂಡಿತು.

ಇನ್ನೊಂದು ಮಾತು. ಆನ್‌ಲೈನ್ ಪೇಟೆಯಲ್ಲಿ ಮಾಲು ಮಾರುವವನು ಯಾವಾಗಲೂ ದೊಡ್ಡ ಕಂಪನಿಯಲ್ಲ. ಸೂರತ್ತಿನ ಸೀರೆಯವನು, ತಿರುಪ್ಪೂರಿನ ಬನಿಯನ್ನಿನವನು, ಇಂಥ ಸಣ್ಣ ವ್ಯಾಪಾರಿಗಳೇ ಬಹಳ. ಬಳಸಿದ ಮಾಲು ತಿರುಗಿ ಹೋದರೆ ಅದು ಹೊಸದಾಗಿ ಮಾರಾಟವಾಗುವುದಿಲ್ಲ; ಸಾಗಾಣಿಕೆಯ ಖರ್ಚು ಬೇರೆ. ನಮ್ಮ ದಾಳಿಂಬೆಯ ಪೆಟ್ಟಿಗೆಯನ್ನು ಸಾಂಗ್ಲಿಯ ಅಡತಿಯಲ್ಲಿ ಇಳಿಸಿಕೊಂಡು, ಮೇಲಿನ ಹಣ್ಣು ತಿಂದು, “ಮಾಲು ಸರಿಯಿಲ್ಲ, ತಿರುಗಿ ಒಯ್ಯಿರಿ” ಎಂದರೆ ನಮ್ಮ ಹೊಟ್ಟೆ ಹೇಗೆ ಉರಿಯುತ್ತದೆ? ರಾಶಿ ಮಾಡಿ ಝಾಡಿಸಿದ ತಾಡಪತ್ರಿಯ ಲೆಕ್ಕವೂ ಅದೇ.

ಹಕ್ಕು ಯಾವುದು, ಸವಲತ್ತು ಯಾವುದು

ಇಲ್ಲಿ ಒಂದು ಭೇದವನ್ನು ವಾಚಕರು ಚೆನ್ನಾಗಿ ಅರಿತುಕೊಳ್ಳಬೇಕು. ಒಡೆದ ಮಾಲು, ಕೆಟ್ಟ ಮಾಲು, ನಕಲಿ ಮಾಲು, ಹೇಳಿದ ಗುಣವಿಲ್ಲದ ಮಾಲು, ಹೇಳಿದ ದಿನಕ್ಕೆ ಬಾರದ ಮಾಲು, ಇವುಗಳನ್ನು ತಿರುಗಿ ತೆಗೆದುಕೊಳ್ಳುವುದಿಲ್ಲವೆಂದು ಮಾರುವವನು ಹೇಳುವಂತಿಲ್ಲ. 2020ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳಲ್ಲಿ ಈ ಮಾತು ಬರೆದಿದೆ. ಇದು ನಮ್ಮ ಹಕ್ಕು.

ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು, ಪಕ್ಕದ ಮನೆಯವರಿಗೆ ಕಡಿಮೆ ಬೆಲೆಗೆ ಸಿಕ್ಕಿತು ಎಂದು ಮರಳಿಸುವುದು ಕಂಪನಿ ತಾನಾಗಿ ಕೊಟ್ಟ ಸವಲತ್ತು. ಸವಲತ್ತನ್ನು ಹಿತಮಿತವಾಗಿ ಬಳಸಬೇಕು. ಅತಿಯಾದರೆ ಅಮೃತವೂ ವಿಷ. ಸವಲತ್ತನ್ನು ಸವೆಸಿದವನು ನಾಳೆ ಹಕ್ಕು ಕೇಳಲು ಹೋದಾಗ ಅವನ ದನಿಗೆ ಬಲವಿರುವುದಿಲ್ಲ. ನಮ್ಮ ಹುಡುಗನಿಗೆ ಆದದ್ದೂ ಇದೇ.

ಬೀಜದ ಮಾತು ಬೇರೆ

ಚಪ್ಪಲಿಯ ದೋಷ ಅಂದೇ ಕಾಣುತ್ತದೆ. ಬೀಜದ ದೋಷ ಮಣ್ಣಿಗೆ ಬಿದ್ದ ಮೇಲೆ. ಆನ್‌ಲೈನಿನಲ್ಲಿ ಮಾಲು ಮರಳಿಸುವ ವಾಯಿದೆ ಸಾಮಾನ್ಯವಾಗಿ ಏಳು ದಿನ, ಹತ್ತು ದಿನ. ಬೀಜಕ್ಕೆ ಹಲವು ಕಡೆ ವಾಯಿದೆಯೇ ಇರುವುದಿಲ್ಲ. ನಮ್ಮ ಜತ್ತ ಸೀಮೆಯಲ್ಲಿಯೋ ಮಳೆ ಬಂದಾಗ ಬಿತ್ತಿಗೆ. ವೈಶಾಖದಲ್ಲಿ ತರಿಸಿದ ಬೀಜ ಮಳೆಗೆ ಕಾಯ್ದು ಕುಳಿತಿರುವಾಗ ವಾಯಿದೆ ಮುಗಿದು ಹೋಗಿರುತ್ತದೆ. ಆದುದರಿಂದ ಬೀಜವನ್ನು ಪರವಾನಿಗೆಯಿರುವ, ಗುರುತಿನ ಅಂಗಡಿಯಲ್ಲಿ ಪಾವತಿ ಪಡೆದು ಕೊಳ್ಳುವುದೇ ಮೇಲೆಂದು ನಮ್ಮ ಅಭಿಪ್ರಾಯ. ಔಷಧಿಯ ವಿಷಯದಲ್ಲಿ, ಕೀಟನಾಶಕವನ್ನು ಆನ್‌ಲೈನಿನಲ್ಲಿ ಮಾರುವುದಕ್ಕೆ 2022ರ ತಿದ್ದುಪಡಿಯಿಂದ ಅವಕಾಶವಾಗಿದೆ. ಆದರೆ ಮಾರುವವನಿಗೆ ಪರವಾನಿಗೆ ಇರಲೇಬೇಕು.

ಎಲ್ಲಿಯೇ ಕೊಂಡರೂ ಬೀಜದ ಚೀಲ, ಅದಕ್ಕೆ ಹೊಲಿದ ಚೀಟಿ, ಪಾವತಿ ಈ ಮೂರನ್ನು ಬೆಳೆ ಬರುವ ತನಕ ಕಾಯ್ದಿಡಿರಿ. ಒಂದು ಹಿಡಿ ಬೀಜವನ್ನೂ ತೆಗೆದಿಡಿರಿ. ಮೊಳಕೆ ಬಾರದಿದ್ದರೆ ಹೊಲವನ್ನು ಹರಗುವುದಕ್ಕೆ ಮೊದಲು ತಾಲೂಕಿನ ಕೃಷಿ ಅಧಿಕಾರಿಗೆ ಬರೆದುಕೊಟ್ಟು, ಅವರು ಬಂದು ನೋಡುವಂತೆ ಮಾಡಿರಿ. ಬೀಜ ಕೊಂಡ ರೈತನೂ ಗ್ರಾಹಕನೇ, ಅವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಹೀಗಿರಲಾಗಿ ವಾಯಿದೆ ಮುಗಿಯಿತೆಂದು ಕೈಕಟ್ಟಿ ಕೂಡುವ ಕಾರಣವಿಲ್ಲ.

ಕೊಳ್ಳುವಾಗ ಮಾಡತಕ್ಕ ಕೆಲಸ

ಒಂದು, ನಿಮ್ಮ ಖಾತೆಯಿಂದ ಊರಿಗೆಲ್ಲ ಮಾಲು ತರಿಸಬೇಡಿರಿ. ಜಾಮೀನು ನಿಲ್ಲುವಾಗ ಎಷ್ಟು ವಿಚಾರ ಮಾಡುತ್ತೀರೋ ಇಲ್ಲಿಯೂ ಅಷ್ಟೇ ಮಾಡಿರಿ. ಮನೆಗೊಂದು ಫೋನು ಇದೆ. ಖಾತೆ ತೆರೆಯುವುದನ್ನು ಕಲಿಸಿಕೊಟ್ಟರೆ ಅದೇ ದೊಡ್ಡ ಉಪಕಾರ.

ಎರಡು, ಅಳತೆ, ತೂಕ, ಬಣ್ಣ, ಮರಳಿಸುವ ವಾಯಿದೆ ಇವುಗಳನ್ನು ಓದಿದ ಮೇಲೆಯೇ ಗುಂಡಿ ಒತ್ತಿರಿ. ಮೊದಲೇ ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಹೊಗಳಿದ್ದನ್ನು ಬಿಟ್ಟು ಬೈದದ್ದನ್ನು ಮೊದಲು ಓದಿರಿ. ಎತ್ತಿನ ಸುಳಿ ಅಲ್ಲಿಯೇ ಕಾಣುವುದು.

ಮೂರು, ಪೆಟ್ಟಿಗೆ ತೆರೆಯುವಾಗ ಒಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಮೇಲಿನ ವಿಳಾಸದ ಚೀಟಿಯಿಂದ ಹಿಡಿದು ಒಳಗಿನ ಮಾಲು ಹೊರಗೆ ಬರುವ ತನಕ ಕಡಿಯದೆ ತೆಗೆಯಬೇಕು. 2024ರ ಜೂನಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ದಂಪತಿಗಳಿಗೆ ಆಟದ ಯಂತ್ರದ ಪೆಟ್ಟಿಗೆಯಲ್ಲಿ ಜೀವಂತ ನಾಗರಹಾವು ಬಂದಿತ್ತು! ಪೆಟ್ಟಿಗೆಯ ಅಂಟುಪಟ್ಟಿಗೆ ಹಾವು ಸಿಕ್ಕಿಕೊಂಡಿದ್ದರಿಂದ ಅನಾಹುತ ತಪ್ಪಿತು. ಬರೀ ಬಾಯಿಮಾತಿನಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು? ಚಿತ್ರ ತೆಗೆದಿದ್ದರು, ಊರೆಲ್ಲ ನೋಡಿತು, ರೊಕ್ಕವೂ ತಿರುಗಿ ಬಂತು. ಕೆಲವು ಮಾಲುಗಳಿಗೆ ತಂದವರೇ ಬಾಗಿಲಲ್ಲಿ ಪೆಟ್ಟಿಗೆ ತೆರೆದು ತೋರಿಸುವ ಏರ್ಪಾಡಿದೆ. ಇದ್ದಲ್ಲಿ ಅದನ್ನೇ ಆರಿಸಿರಿ.

ನಾಲ್ಕು, ಮರಳಿಸುವಾಗ ನಿಜವಾದ ಕಾರಣವನ್ನೇ ಬರೆಯಿರಿ. ಬಣ್ಣ ಹಿಡಿಸದಿದ್ದರೆ ಬಣ್ಣವೆನ್ನಿರಿ, ಒಡೆದಿದೆಯೆಂದು ಬರೆಯಬೇಡಿರಿ. ಪಂಪಿನ ಜತೆಗೆ ಬಂದ ಬ್ಯಾಟರಿ, ಕೊಳವೆ, ಮೂತಿ ಎಲ್ಲವನ್ನೂ ಕೂಡಿಸಿ ಕಳಿಸಿರಿ.

ಐದು, ರೊಕ್ಕ ತಿರುಗಿ ಪಡೆಯುವಾಗ ಬ್ಯಾಂಕಿಗೇ ಕೇಳಿರಿ. ಅಂಗಡಿಯ ಖಾತೆಯಲ್ಲಿ ಜಮಾ ಬಿಟ್ಟರೆ, ಖಾತೆ ಮುಚ್ಚಿದ ದಿನ ಅದನ್ನು ಬಿಡಿಸಿಕೊಳ್ಳುವ ತಾಪ ನಿಮ್ಮದು.

ಖಾತೆ ಮುಚ್ಚಿದರೆ

ಮೊದಲ ಎಚ್ಚರಿಕೆ: ಕಂಪನಿಯ ಫೋನ್ ನಂಬರನ್ನು ಮೊಬೈಲಿನಲ್ಲಿ ಹುಡುಕಿ ಸಿಕ್ಕದ್ದಕ್ಕೆ ಕರೆ ಮಾಡಬೇಡಿರಿ. ಅಲ್ಲಿ ಕಳ್ಳರು ಬಲೆ ಹಾಕಿ ಕುಳಿತಿರುತ್ತಾರೆ. ಓಟಿಪಿ ಕೇಳಿದವನು ಯಾರೇ ಇರಲಿ, ಅವನು ಕಳ್ಳನೇ ಎಂದು ತಿಳಿಯಿರಿ. ಮೋಸಕ್ಕೆ ಸಿಕ್ಕು ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡತಕ್ಕದ್ದು.

ಆಮೇಲೆ ಕಂಪನಿಯ ತಕರಾರು ಅಧಿಕಾರಿಗೆ ಬರೆಯಿರಿ. ಪ್ರತಿ ಆನ್‌ಲೈನ್ ಪೇಟೆಯವರೂ ಇಂಥ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ವಿಳಾಸವನ್ನು ತೋರಿಸಬೇಕೆಂದು 2020ರ ನಿಯಮವಿದೆ. ತಕರಾರು ಮುಟ್ಟಿತೆಂದು 48 ತಾಸಿನೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಬಗೆಹರಿಸಬೇಕು. ತಕರಾರಿಗೆ ಕೊಟ್ಟ ನಂಬರನ್ನು ಬರೆದಿಟ್ಟುಕೊಳ್ಳಿರಿ.

ಅದರಿಂದ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇಲ್ಲಿ 17 ಭಾಷೆಗಳಲ್ಲಿ ಮಾತಾಡಬಹುದು. ಅದರಲ್ಲಿ ಮರಾಠಿಯೂ ಇದೆ, ನಮ್ಮ ಕನ್ನಡವೂ ಇದೆ. ಕಚೇರಿಗೆ ಹೋದರೆ ಭಾಷೆ ತೊಡಕಾಗುತ್ತದೆಂದು ಹಿಂಜರಿಯುವ ಗಡಿಯ ಕನ್ನಡಿಗರು ಈ ನಂಬರನ್ನು ಬಾಗಿಲ ಹಿಂದೆ ಬರೆದಿಡಬೇಕು. ಅವರು ತೀರ್ಪು ಕೊಡುವವರಲ್ಲ. ತಕರಾರನ್ನು ಕಂಪನಿಗೆ ಮುಟ್ಟಿಸಿ ಬಗೆಹರಿಸಲು ನೋಡುವವರು. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಕೊನೆಗೆ ಸಾಂಗ್ಲಿಯ ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯಿದೆಯಂತೆ, ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ದಿಲ್ಲಿಯಲ್ಲಿರಲಿ, ಗ್ರಾಹಕನು ತಾನಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ತನಕ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು, ಇಷ್ಟೇ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರಕಾರಿ ವ್ಯವಸ್ಥೆಯ ಮೂಲಕ ಮನೆಯಿಂದಲೇ ದಾಖಲು ಮಾಡುವ ಅನುಕೂಲವೂ ಇದೆ. ಅರ್ಜಿ ಬರೆಯುವುದಕ್ಕೆ ಮರಾಠಿ ಶಾಲೆಯಲ್ಲಿ ಕಲಿಯುವ ಮಕ್ಕಳ ನೆರವು ಪಡೆಯಿರಿ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಒಡೆದ ಮಾಲಿನ ರೊಕ್ಕ ಬರುವುದು ಬೇರೆ, ಮುಚ್ಚಿದ ಖಾತೆ ತೆರೆಯುವುದು ಬೇರೆ. ಖಾತೆ ತೆರೆಯುವಾಗ ನಾವು ಓದದೆ ಒಪ್ಪಿದ ಕರಾರಿನಲ್ಲಿ, ಬೇಕಾದಾಗ ಖಾತೆ ಮುಚ್ಚುವ ಅಧಿಕಾರವನ್ನು ಕಂಪನಿ ಇಟ್ಟುಕೊಂಡಿರುತ್ತದೆ. ಸರಿಯಾದ ಕಾರಣವಿಲ್ಲದೆ ಒಬ್ಬನೇ ಮುರಿಯಬಹುದಾದ ಕರಾರನ್ನು ಹೊಸ ಕಾಯಿದೆ ಅನ್ಯಾಯದ ಕರಾರೆಂದು ಕರೆದಿದೆಯಾದರೂ, ಅಂಥ ದಾವೆ ಜಿಲ್ಲೆಗಲ್ಲ, ರಾಜ್ಯ ಆಯೋಗಕ್ಕೆ ಹೋಗುತ್ತದೆ. ದಾರಿ ಇದೆ; ಆದರೆ ಉದ್ದ.

ಹುಡುಗನ ಗತಿ ಏನಾಯಿತು?

ಅಂದು ಸಂಜೆಯೇ ನಾವು ಅವನ ಕಟ್ಟೆಯ ಮೇಲೆ ಕುಳಿತು ತಕರಾರು ಬರೆಯಿಸಿದೆವು. ಒಡೆದ ಪಂಪಿನ ಚಿತ್ರ, ಪೆಟ್ಟಿಗೆಯ ಚೀಟಿ, ಪಾವತಿ ಲಗತ್ತಾದವು. ಹದಿನಾಲ್ಕು ಮಾಲುಗಳಲ್ಲಿ ಯಾವುದು ತನ್ನದು, ಯಾವುದು ವಸ್ತಿಯವರದು, ಯಾವುದನ್ನು ಬಳಸಿ ಮರಳಿಸಿದ್ದು ಎಂಬುದನ್ನೂ ಅವನು ಬಚ್ಚಿಡದೆ ಬರೆದನು. 1915ಕ್ಕೆ ಕನ್ನಡದಲ್ಲಿಯೇ ಮಾತಾಡಿದನು. ಮೂರನೆಯ ವಾರ ಪಂಪಿನ 3,400 ರೂಪಾಯಿ ಬ್ಯಾಂಕಿಗೆ ಬಂತು. ಜಮಾ ಇದ್ದ ಆರುನೂರೂ ಬಂತು. ಖಾತೆ ಮಾತ್ರ ತೆರೆಯಲಿಲ್ಲ. ಆ ಮೂರು ವಾರ ಅವನು ನೆರೆಯವರ ಪಂಪು ಬೇಡಿ ತಂದು ದಾಳಿಂಬೆಗೆ ಔಷಧಿ ಹೊಡೆದನು. ಒಂದು ಸಲದ ಔಷಧಿ ತಡವಾಯಿತು. ಹಲವು ಗಿಡಗಳ ಕಾಯಿಗೆ ಎಣ್ಣೆ ಕಲೆ ಬಿತ್ತು. ಆ ನಷ್ಟವನ್ನು ಯಾರೂ ತಿರುಗಿ ಕೊಡಲಿಲ್ಲ.

ತಾಡಪತ್ರಿ ಮರಳಿಸಿದ ಹಿರಿಯರು ಆ ಕಲೆಬಿದ್ದ ಕಾಯಿ ನೋಡಲು ತಾವೇ ತೋಟಕ್ಕೆ ಬಂದರು. “ತಮ್ಮಾ, ನನ್ನ ರಾಶೀ ಧೂಳು ನಿನ್ನ ತೋಟಕ್ಕ ಬಡೀತು” ಎಂದಷ್ಟೇ ಅಂದರು. ಮರುದಿನ ತಮ್ಮ ಪಂಪನ್ನು ಅವನ ಗುಡಿಸಲಲ್ಲಿ ತಂದಿಟ್ಟು ಹೋದರು.

ರೈತ ಬಂಧುಗಳೇ, ಹಳೆಯ ಸಂತೆಯಲ್ಲಿ ಮನುಷ್ಯನ ಹೆಸರು ನಡೆಯುತ್ತಿತ್ತು. ಹೊಸ ಸಂತೆಯಲ್ಲಿ ಖಾತೆ ನಡೆಯುತ್ತದೆ. ಎರಡೂ ಒಂದೇ. ಬಿತ್ತುವ ಬೀಜವನ್ನು ಕಾಯ್ದಿಡುವಂತೆ ಅದನ್ನು ಕಾಯ್ದಿಡಿರಿ. ಬಣ್ಣಕ್ಕಾಗಿ, ಬಡಾಯಿಗಾಗಿ ಅದನ್ನು ಸವೆಸಬೇಡಿರಿ. ಪಂಪು ಒಡೆದು ಬಂದ ದಿನ ಅದು ಬೇಕಾಗುತ್ತದೆ.